ಒಸಿ ಸರೀರಿ

ಮಂಡ್ಯದಿಂದ ಏಳೂ ಹತ್ತರ ಬಸ್ಸು.
ಮೂವರ ಸೀಟಿಗೆ ನಾಲ್ಕನೆಯವಳು ಬಂದು
'ಒಸಿ ಸರೀರವ್ವ' ಎಂದಳು. ಸರಿದೆವು.
ಯಾರೂ ಅವಳ ಸರ್ಟಿಫಿಕೇಟು ಕೇಳಲಿಲ್ಲ.

ನನ್ನ ಫೈಲಿನಲ್ಲಿತ್ತು ಸರ್ಟಿಫಿಕೇಟು,
ಡಿಪ್ಲೊಮಾದ ಹಿಂದೆ, ಮಾರ್ಕ್ಸ್ ಕಾರ್ಡುಗಳ ಹಿಂದೆ,
ಜಿಲ್ಲಾಸ್ಪತ್ರೆಯ ದುಂಡು ಸೀಲು ಬಿದ್ದ ಹಾಳೆ.
ಪ್ರಣತಿಯನ್ನು ಪ್ರಣಿತಿ ಮಾಡಿದ್ದಾರೆ.
ಆಟಿಸಂ ಮಾತ್ರ ತಪ್ಪಿಲ್ಲದೆ ಬರೆದಿದ್ದಾರೆ.

ಅವ್ವ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದಳು:
'ಅದ್ನೆಲ್ಲ ಮೊದ್ಲೇ ಯೋಳ್ಬ್ಯಾಡ ಕನವ್ವ.
ಕೆಲ್ಸ ಸಿಗ್ಲಿ, ಆಮ್ಯಾಕೆ ನೋಡುವ.'
ಚಿಕ್ಕಮ್ಮನ ಫಿಟ್ಸನ್ನೂ ಹೀಗೇ
ತಾಳಿ ಕಟ್ಟುವತನಕ ಬಚ್ಚಿಟ್ಟಿದ್ದರು.
ಈಗಲೂ ಅವಳ ಮಾತ್ರೆ ಇರುವುದು
ಮೆಂತ್ಯದ ಡಬ್ಬಿಯ ತಳದಲ್ಲಿ.

ಮೈಸೂರು. ಹೆಬ್ಬಾಳ ಕೈಗಾರಿಕಾ ಪ್ರದೇಶ.
ಷಾಫ್ಟು ಕಡೆಯುವ ಕಾರ್ಖಾನೆ.
ಗೇಟಿನಲ್ಲಿ ಹೆಸರು, ಟೈಮು, ಸಹಿ.
ಒಳಗೆ ಮೂವರು: ನಫೀಸಾ ಮೇಡಂ, ಸಂಪತ್ ಸರ್,
ಟೂಲ್‌ರೂಮಿನ ಬೋರಲಿಂಗಯ್ಯ, ಅಂಗಿಯ ತೋಳಿಗೆ ಗ್ರೀಸು.
ಅವರ ತಲೆಯ ಮೇಲೊಂದು ಟ್ಯೂಬ್‌ಲೈಟು
ಜ್ ಜ್ ಜ್ ಎನ್ನುತ್ತಿತ್ತು. ಅವರಿಗೆ ಕೇಳುತ್ತಿರಲಿಲ್ಲ.
ನನಗೆ ಅದೇ ಕೇಳುತ್ತಿತ್ತು.

'ನಿಮ್ಮ ಬಗ್ಗೆ ಹೇಳಿ.'
ಎಲ್ಲಿಂದ? ಹುಟ್ಟಿದಲ್ಲಿಂದಲೋ, ಡಿಪ್ಲೊಮಾದಿಂದಲೋ?
ಕೇಳಿಯೇಬಿಟ್ಟೆ. ಸಂಪತ್ ಸರ್ ನಕ್ಕರು.
ನಾನು ತಮಾಷೆ ಮಾಡಿರಲಿಲ್ಲ.
'ಮುಖ ನೋಡಿ ಮಾತಾಡಮ್ಮ.'
ನೋಡಿದರೆ ಮಾತು ಹೋಗುತ್ತದೆ, ಮಾತಾಡಿದರೆ ನೋಟ.
ಎರಡರಲ್ಲಿ ಯಾವುದು ಬೇಕು ಸರ್?
ಇದನ್ನು ಕೇಳಲಿಲ್ಲ, ನುಂಗಿದೆ.

ಬೋರಲಿಂಗಯ್ಯ ಜೇಬಿನಿಂದ ತೆಗೆದು
ಮೇಜಿನ ಮೇಲಿಟ್ಟರು ಒಂದು ಷಾಫ್ಟು, ಒಂದು ಬುಷ್ಷು.
'ಇಪ್ಪತ್ತೈದು ಮಿಲಿಮೀಟರಿನ ತೂತಿಗೆ
ಇಪ್ಪತ್ತೈದೇ ಮಿಲಿಮೀಟರಿನ ಷಾಫ್ಟು. ತಿರುಗ್ತದಾ?'
'ಇಲ್ಲ ಸರ್. ಕಚ್ಚಿಕೊಳ್ಳುತ್ತೆ, ಕಾಯುತ್ತೆ, ಸುಡುತ್ತೆ.
ನಡುವೆ ಸಂದು ಬೇಕು,
ಒಂದು ಕೂದಲೆಳೆಯ ಮೂರರಲ್ಲೊಂದು ಪಾಲು.
ಡ್ರಾಯಿಂಗಿನಲ್ಲೇ ಬರೆದಿರ್ತಾರೆ, ಕಡೆಯುವ ಮೊದಲೇ.'

ಮೊದಲೇ. ಆ ಪದ ಬಾಯಲ್ಲೇ ಉಳಿಯಿತು.
ಫೈಲು ತೆರೆದೆ. ಬರೆದು ತಂದಿದ್ದ ಚೀಟಿ ಓದಿದೆ,
ಬಾಯಿಪಾಠದ ಹಾಗೆ, ಉಸಿರು ತೆಗೆಯದೆ:
ಕೆಲಸವನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ.
ಷಿಫ್ಟು ಬದಲಾದರೆ ಹಿಂದಿನ ದಿನವೇ ತಿಳಿಸಿ.
ಕಿವಿಗೆ ಮಫ್ ಹಾಕಿರುತ್ತೇನೆ, ಊಟದ ಹೊತ್ತಿನಲ್ಲೂ.
ನನ್ನ ಮೇಲೆ ಕೋಪ ಬಂದರೆ ಕೋಪ ಬಂದಿದೆ ಅನ್ನಿ,
ಮುಖದಲ್ಲಿ ಹುಡುಕಿಸಬೇಡಿ.

ನಫೀಸಾ ಮೇಡಂ ಬರೆಯುವುದು ನಿಲ್ಲಿಸಿದರು.
'ವಿಶೇಷ ಸೌಲಭ್ಯಕ್ಕೆ ಹೆಡ್ ಆಫೀಸನ್ನು ಕೇಳಬೇಕು.'
ಸಂಪತ್ ಸರ್, ಮೆತ್ತಗೆ: 'ನೋಡಿದ್ರೆ ಗೊತ್ತೇ ಆಗಲ್ಲಮ್ಮ,
ಸರಿಯಾಗೇ ಇದೀಯಲ್ಲ.'

ಸರಿಯಾಗೇ.
ಇಸ್ಕೂಲಿನಲ್ಲಿ ಸರಿಯಿಲ್ಲ, ಮದುವೆಮನೆಯಲ್ಲಿ ಸರಿಯಿಲ್ಲ,
ಈಗ, ಬಾಯಿಬಿಟ್ಟು ಕೇಳಿದ ದಿನ, ಸರಿಯಾಗೇ ಇದ್ದೇನೆ.

ಬೋರಲಿಂಗಯ್ಯ ಏನೂ ಅನ್ನಲಿಲ್ಲ.
ಎದ್ದರು. ಕುರ್ಚಿ ಕಿರುಗುಟ್ಟಿತು.
ಬಾಗಿಲ ಬಳಿ ಹೋಗಿ ಟ್ಯೂಬ್‌ಲೈಟು ಆರಿಸಿದರು.
ಕಿಟಕಿಯ ಬೆಳಕು ಸಾಕಾಗಿತ್ತು, ಮೊದಲಿಂದಲೂ.
'ಈಗ ಯೋಳವ್ವ,' ಅಂದರು, ನಮ್ಮ ಕಡೆಯ ಮಾತಲ್ಲಿ,
'ಗೇಜೇ ತಪ್ಪು ತೋರಿಸ್ತಿದ್ರೆ ಹೆಂಗೆ ಗೊತ್ತಾಯ್ತದೆ?'
ಹನ್ನೊಂದು ನಿಮಿಷ ಹೇಳಿದೆ. ಯಾರೂ ನಿಲ್ಲಿಸಲಿಲ್ಲ.
ನಿಲ್ಲಿಸಬೇಕಿತ್ತೋ ಏನೋ.

'ತಿಳಿಸ್ತೀವಿ' ಅಂದರು. ಆ ಮಾತಿಗೆ ತಾರೀಖಿಲ್ಲ.
ಯಾವ ದಿನ, ಅಂತ ಕೇಳಿದೆ.
ನಫೀಸಾ ಮೇಡಂ ಒಂದು ಗಳಿಗೆ ತಡೆದು
ಚೀಟಿಯ ಮೇಲೆ ಗುರುವಾರ ಎಂದು ಬರೆದು ಕೊಟ್ಟರು.

ವಾಪಸು ಬಸ್ಸು ತುಂಬಿತ್ತು. ಮೂವರ ಸೀಟಿನ ಪಕ್ಕ
ನಿಂತೇ ಬಂದೆ, ಶ್ರೀರಂಗಪಟ್ಟಣದವರೆಗೂ,
ಚೀಟಿಯ ಮೇಲೆ ಹೆಬ್ಬೆರಳು ಒತ್ತಿಕೊಂಡು.
ಹೊಳೆಯ ಸೇತುವೆ ದಾಟುವಾಗ ಹೇಳಿದೆ,
ಯಾರ ಮುಖವನ್ನೂ ನೋಡದೆ:
'ಒಸಿ ಸರೀರಿ.'

ಕಿಟಕಿಯ ಹೆಂಗಸು
ನಿದ್ದೆಗಣ್ಣಿನ ಮಗುವನ್ನು ತೊಡೆಗೆ ಎತ್ತಿಕೊಂಡಳು.